ಯಾರು ಮುಟ್ಟಿದ್ದು?

ಜೂನ್ ೪

ಗುಬ್ಬಿ,

ಇಲ್ಲಿ ಎರಡೂ ಲಿಫ್ಟುಗಳು ಆರೋಗ್ಯವಾಗಿವೆ, ಅವುಗಳ ಕೃಪೆಯಿಂದ ನಾನೂ ಆರೋಗ್ಯ. ನಿನ್ನ ಕಾಗದ ಬಂತು. ಅಂಚೆಯವನು ಲಕೋಟೆ ಕೊಡುವಾಗ ನನ್ನ ಮುಖವನ್ನು ಎರಡು ಸಲ ನೋಡಿದ. “ಅಕ್ಕನ ಮಗಳು. ಲೈಬ್ರರಿಯಲ್ಲಿದಾಳೆ. ಅಷ್ಟೊಂದು ಪುಸ್ತಕ ಓದಿ ಬೇಜಾರಾಗಿ ನನ್ನ ಬರವಣಿಗೆ ಬೇಕು ಅಂತಾಳೆ” ಎಂದೆ. ಪೂರ್ತಿ ಸುಳ್ಳೇನಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸುವವರೆಗೂ ಬೋರ್ಡಿನ ಮೇಲೆ ತಾರೀಖು ಬರೆಯುವ ಹಕ್ಕು ನನ್ನೊಬ್ಬನದಾಗಿತ್ತು.

ಡೀಬಗ್ಗರಿನ ಕೆಲಸ ನಿಲ್ಲಿಸಿಲ್ಲ. ನೀನು ಹೊರಬಿಟ್ಟ ಹೊಸ ಪ್ರತಿಯನ್ನು ಎರಡೇ ದಿನದಲ್ಲಿ ಮೂರು ಕಡೆ ಮುರಿದು ಹಾಕಿದ್ದೇನೆ. ನಾನು ಮುರಿಯಲಾರದ ಪ್ರೋಗ್ರಾಂ ಇನ್ನೂ ಹುಟ್ಟಿಲ್ಲ. ಮೊನ್ನೆ ಮೂರನೇ ಮಹಡಿಯ ಹಲ್ಲಿನ ಡಾಕ್ಟರಮ್ಮ ಲಿಫ್ಟಿನಲ್ಲಿ ಕೇಳಿದಳು:

“ಸದಾ ಕಂಪ್ಯೂಟರ್ ಕುಟ್ತಿರ್ತೀರಲ್ಲ, ಏನ್ ಮಾಡ್ತೀರಿ?”

“ಡೀಬಗ್ಗರ್ ಕಟ್ತೀವಿ. ಓಡೋ ಲಿಫ್ಟನ್ನ ಎರಡು ಮಹಡಿ ಮಧ್ಯೆ ನಿಲ್ಲಿಸಿ, ಹಗ್ಗ ಎಲ್ಲಿ ಸವೆದಿದೆ ಅಂತ ನೋಡಲ್ವಾ? ಓಡೋ ಪ್ರೋಗ್ರಾಮನ್ನ ಹಾಗೆ ನಿಲ್ಲಿಸಿ ನೋಡೋ ಸಾಧನ ಅದು. ನಲವತ್ತು ಜನ ಸೇರಿ ಕಟ್ತಿದೀವಿ. ಯಾರು ಬೇಕಾದ್ರೂ ತಗೋಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು.”

“ಪುಕ್ಕಟೆಯಾಗಿ? ಮತ್ತೆ ನೀವ್ಯಾಕೆ ಅಷ್ಟು ಒದ್ದಾಡ್ತೀರಿ?”

“ನಾನಿಲ್ಲದಿದ್ರೆ ಅವರಿಗೆ ನಡೆಯೋದಿಲ್ಲ, ಅದಕ್ಕೆ.”

ಆಕೆ ಇಳಿಯುವವರೆಗೂ ನಗುತ್ತಿದ್ದಳು.

ಇನ್ನು ನೀನು ಕೇಳಿದ ವಿಷಯ. ನಿನ್ನ ಅಣ್ಣ, ನನ್ನ ಹೆಗಲ ಮೇಲೆ ಬೆಳೆದ ನಮ್ಮ ದೊರೆ, ಜನವರಿಯಲ್ಲಿ ಹೋದ. ಆದರೂ ದಿನಾ ಮಧ್ಯಾಹ್ನ ಮೂರಕ್ಕೆ ನಮ್ಮ ನಲವತ್ತೂ ಜನರಿಗೆ ಅವನ ಹೆಸರಿನಲ್ಲಿ ಮೇಲ್ ಬರುತ್ತಿದೆ. ಅವನೇ ಕೂರಿಸಿಟ್ಟ ಯಾವುದೋ ಯಂತ್ರ ಡೀಬಗ್ಗರನ್ನು ದಿನವೂ ಪರೀಕ್ಷೆ ಮಾಡಿ ಕಳಿಸುತ್ತಿದೆ. ‘ಪರೀಕ್ಷೆ ಇನ್ನೂರ ಹನ್ನೆರಡು. ತಪ್ಪು ಸೊನ್ನೆ. ಎಲ್ಲಾ ಸರಿ ಇದೆ.’ ಆ ಯಂತ್ರ ಎಲ್ಲಿದೆ ಹುಡುಕಿ ಆರಿಸು ಎಂದು ಬರೆದಿದ್ದೀಯ. ನನಗೆ ಹೇಗೆ ಗೊತ್ತಾಗಬೇಕು ತಾಯಿ? ಅವನು ಏನನ್ನು ಎಲ್ಲಿಡುತ್ತಿದ್ದ ಎಂದು ಅವನ ಕಾಲುಚೀಲಕ್ಕೂ ಗೊತ್ತಿರುತ್ತಿರಲಿಲ್ಲ. ವಿಚಾರಿಸುತ್ತೇನೆ. ಅವಸರ ಮಾಡಬೇಡ.

ಮೇಲುಗಡೆ ಲಿಫ್ಟಿನ ಮೋಟಾರು ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿ ಧಗೆ. ಇನ್ನು ಬರೆದರೆ ಶಾಯಿ ಕುದಿಯುತ್ತದೆ.

ನಿನ್ನ ಮಾವ,
ಯಾರೂ ನೇಮಿಸದ ಪ್ರಧಾನ ಪರೀಕ್ಷಕ

*

ಜೂನ್ ೧೯

ಮಾವ,

ನೀನು ನಗಿಸಿದೆ, ಆದರೆ ಉತ್ತರ ಕೊಡಲಿಲ್ಲ.

ಮೂರು ಗಂಟೆಗೆ ನಾನು ವಾಪಸು ಬಂದ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಕಪಾಟುಗಳ ಮಧ್ಯೆ ಇರುತ್ತೇನೆ. ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿರುತ್ತದೆ, ಯಾರೋ ಪುಟ ತಿರುಗಿಸುತ್ತಿರುತ್ತಾರೆ. ಜೇಬಿನಲ್ಲಿ ಫೋನು ಒಂದು ಸಲ ನಡುಗುತ್ತದೆ. ಅಷ್ಟೇ. ನಾನು ಕೈಯಲ್ಲಿದ್ದ ಪುಸ್ತಕವನ್ನು ಎಲ್ಲಿಡಬೇಕು ಎಂಬುದನ್ನು ಮರೆಯುತ್ತೇನೆ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ನಾನು ಅವನ ಕೈ ಹಿಡಿದು ಕೂತಿದ್ದೆ. ಕೈ ತಣ್ಣಗಾಗಿದ್ದನ್ನು ಕಂಡವಳು ನಾನು. ಅದಕ್ಕೇ ಮೇಲ್ ಪೆಟ್ಟಿಗೆ ತೆರೆಯುವುದನ್ನು ಬಿಟ್ಟೆ. ಎಲ್ಲಕ್ಕಿಂತ ಮೇಲೆ ಅವನ ಹೆಸರೇ ಇರುತ್ತದೆ.

ನಲವತ್ತು ಜನರ ಮೇಲ್ ಪಟ್ಟಿಯಿಂದ ಅವನ ಹೆಸರನ್ನು ನಾನೇ ತೆಗೆದುಹಾಕಬಹುದು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಬೆರಳು ಹೋಗುವುದಿಲ್ಲ. ಅದಕ್ಕೆ ಯಂತ್ರವನ್ನೇ ಆರಿಸು ಎಂದು ನಿನ್ನನ್ನು ಕೇಳಿದ್ದು.

ಇನ್ನೊಂದು. ಮುಂದಿನ ಆವೃತ್ತಿಗೆ ಮುಂಚೆ ಎಲ್ಲ ಕೋಡನ್ನೂ ಒಂದೇ ಅಚ್ಚಿಗೆ ತರಬೇಕು ಎಂದು ನಮ್ಮ ಗುಂಪಿನ ಗಣಿತದ ಮೇಷ್ಟ್ರು ಹಟ ಹಿಡಿದಿದ್ದಾರೆ. ಅಣ್ಣ ಸಾಲಿನ ಮುಂದೆ ಮೂರು ಸ್ಪೇಸ್ ಬಿಡುತ್ತಿದ್ದ, ನಾವು ಉಳಿದವರು ನಾಲ್ಕು. ಹೊಸಬರು ಗೊಂದಲಪಡುತ್ತಾರೆ. ನಾಲ್ಕು ವರ್ಷ ನಾನೂ ಅವನೂ ಇದಕ್ಕಾಗಿ ಜಗಳವಾಡಿದ್ದೆವು. “ಮೂರು ಯಾವ ಲೆಕ್ಕ ಮಾರಾಯ?” ಎಂದರೆ, “ಎರಡು ಇಕ್ಕಟ್ಟು, ನಾಲ್ಕು ಜಂಬ” ಎನ್ನುತ್ತಿದ್ದ. ಈಗ ಜಗಳವಾಡುವವರು ಯಾರೂ ಇಲ್ಲ. ನಾನು ಒಪ್ಪಿಕೊಂಡೆ.

ಗುಬ್ಬಿ

*

ಜುಲೈ ೨

ಗುಬ್ಬಿ,

ವಿಚಾರಿಸಿದೆ. ಅವನು ಕೆಲಸ ಮಾಡುತ್ತಿದ್ದ ಎಕ್ಸ್‌ರೇ ವಿಭಾಗದವರನ್ನು ಕೇಳಿದೆ, ಅವನ ಗೆಳೆಯ ಗಡ್ಡದವನನ್ನು ಕೇಳಿದೆ. ನಾನು ವಿಚಾರಿಸಿದರೆ ಗೋಡೆಯೂ ಬಾಯಿ ಬಿಡಬೇಕು, ಆದರೂ ಸುಳಿವಿಲ್ಲ.

ಒಂದು ಮಾತು ಹೇಳಲೇ? ಬೈಯಬೇಡ. ಅದು ಇದ್ದರೆ ಇರಲಿ ಬಿಡು.

ನಿನ್ನ ಅಮ್ಮನ ಮನೆಗೆ ನಾನು ದಿನಾ ಊಟಕ್ಕೆ ಇಳಿದು ಹೋಗುತ್ತೇನಲ್ಲ, ಎರಡನೇ ಮಹಡಿಗೆ. ಊಟವಾದ ಮೇಲೂ ಸುಮ್ಮನೆ ಕೂತಿರುತ್ತೇನೆ. ಆಸ್ಪತ್ರೆಯ ಬಿಳಿ ಕೋಟುಗಳ ರಾಶಿಯ ಹಿಂದೆ ಅಕ್ಕನ ತಲೆ ಮಾತ್ರ ಕಾಣುತ್ತದೆ. ಮೂರಕ್ಕೆ ಐದು ನಿಮಿಷವಿದೆ ಎನ್ನುವಾಗ ಹೊಲಿಗೆ ಯಂತ್ರ ನಿಲ್ಲುತ್ತದೆ. ಕನ್ನಡಕ ಒರೆಸುತ್ತಾಳೆ. ಮೇಲ್ ಪಟ್ಟಿಗೆ ದೊರೆ ಅವಳನ್ನೂ ಸೇರಿಸಿದ್ದನಲ್ಲ, ಫೋನನ್ನು ಕೈಚಾಚಿ ದೂರ ಹಿಡಿಯುತ್ತಾಳೆ. ಓದಿ ಮುಗಿಸಿ ನನಗೆ ಹೇಳುತ್ತಾಳೆ: “ಎಲ್ಲಾ ಸರಿ ಇದೆಯಂತೆ ಕಣೋ.”

ಇದೆಯಂತೆ! ಒಂದು ದಿನ ಹೇಳಿಯೇಬಿಟ್ಟೆ, “ಅಕ್ಕಾ, ಅದು ಮಿಷನ್ನು.”

“ನಂಗೊತ್ತಿಲ್ವಾ? ಇದೂ ಮಿಷನ್ನೇ. ನಾನು ತುಳಿದ್ರೆ ತಾನೆ ಓಡೋದು? ಅದನ್ನ ಅವನು ತುಳಿದು ಹೋಗಿದಾನೆ, ಇನ್ನೂ ಓಡ್ತಿದೆ. ನೀನು ಮಜ್ಜಿಗೆ ಕುಡಿ.”

ಐದು ತಿಂಗಳಿಂದ ಅವಳು ದಿನದಲ್ಲಿ ಒಂದೇ ಒಂದು ಸಲ ನೆಟ್ಟಗೆ ಕೂರುತ್ತಾಳೆ, ಅದು ಆಗ. ನಿನ್ನ ಎದೆ ನಡುಗುವ ಗಳಿಗೆಯೇ ಅವಳಿಗೆ ಎದೆ ಹಗುರಾಗುವ ಗಳಿಗೆ. ನಾನು ಲಿಫ್ಟಿನವನು, ಇಬ್ಬರು ಎರಡು ಮಹಡಿಯಲ್ಲಿ ಒಟ್ಟಿಗೆ ಗುಂಡಿ ಒತ್ತಿದರೆ ಯಾರ ಕಡೆ ಹೋಗಲಿ?

ಅಚ್ಚು ತಿದ್ದುವ ಕೆಲಸ ನಡೆಸಿ. ಮೂರಾದರೇನು ನಾಲ್ಕಾದರೇನು, ಖಾಲಿ ಜಾಗ ತಾನೆ? ಖಾಲಿ ಜಾಗಕ್ಕೆ ಅಷ್ಟು ಜಗಳವಾಡಿದವರು ನೀವಿಬ್ಬರೇ.

ಮಾವ

*

ಜುಲೈ ೨೮

ಮಾವ,

ಭಾನುವಾರ ಬೆಳಗ್ಗೆ ಮೇಷ್ಟ್ರೂ ನಾನೂ ಫಾರ್ಮ್ಯಾಟ್ ಮಾಡುವ ಪ್ರೋಗ್ರಾಂ ಓಡಿಸಿದೆವು. ಅಣ್ಣ ಬರೆದ ತೊಂಬತ್ತಾರು ಕಡತ. ಎಲ್ಲ ಸಾಲುಗಳೂ ಒಂದು ಸ್ಪೇಸ್ ಬಲಕ್ಕೆ ಸರಿದವು, ಪೆರೇಡಿನಲ್ಲಿ ಹೆಜ್ಜೆ ಹಾಕಿದ ಹಾಗೆ. ಐದು ನಿಮಿಷವೂ ಹಿಡಿಯಲಿಲ್ಲ. ಮೇಷ್ಟ್ರು “ಅಬ್ಬ, ಈಗ ಮನುಷ್ಯರು ಓದೋ ಹಾಗಾಯ್ತು” ಎಂದರು.

ಮೂರಕ್ಕೆ ಮೇಲ್ ಬಂತು. ರಜೆಯಾದ್ದರಿಂದ ಫೋನು ಮೇಜಿನ ಮೇಲಿತ್ತು, ಕಣ್ಣಿಗೆ ಬಿದ್ದೇಬಿಟ್ಟಿತು.

‘ಪರೀಕ್ಷೆ ಇನ್ನೂರ ಹನ್ನೆರಡು. ತಪ್ಪು ತೊಂಬತ್ತಾರು. ಯಾರು ಮುಟ್ಟಿದ್ದು?’

ನನಗೆ ಗೊತ್ತು. ಸಾಲಿನ ಮುಂದೆ ಮೂರು ಸ್ಪೇಸ್ ಇದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಯನ್ನೂ ಅವನು ಆ ಯಂತ್ರದಲ್ಲಿ ಬರೆದಿಟ್ಟಿದ್ದಾನೆ, ತನ್ನ ಕಡತಕ್ಕೊಂದರಂತೆ. ಯಾರಾದರೂ ಬದಲಿಸಿದರೆ ಹೀಗೆ ಕೇಳು ಎಂದು ತಮಾಷೆಗೆ ಬರೆದಿದ್ದಾನೆ. ಆ ‘ಯಾರಾದರೂ’ ನಾನೇ ಎಂದು ಅವನಿಗೆ ಆಗಲೇ ಗೊತ್ತಿತ್ತು. ಬರೆಯುವಾಗ ಒಳಗೊಳಗೇ ನಕ್ಕಿರುತ್ತಾನೆ. ಇಷ್ಟೆಲ್ಲ ತಿಳಿದೂ ನಾನು ಕುರ್ಚಿಯಿಂದ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತೆ.

ದಿನಾ ಅದನ್ನೇ ಕೇಳುತ್ತಿದೆ. ನಿನ್ನೆಯೂ ಕೇಳಿತು. ಮಾವ, ಆರಿಸು. ದಮ್ಮಯ್ಯ ಆರಿಸು. ಇಲ್ಲದಿದ್ದರೆ ನಾನು ಈ ಡೀಬಗ್ಗರಿನ ಕೆಲಸವನ್ನೇ ಬಿಡುತ್ತೇನೆ.

ಗುಬ್ಬಿ

*

ಆಗಸ್ಟ್ ೫

ಗುಬ್ಬಿ,

ಈ ಕಾಗದದಲ್ಲಿ ತಮಾಷೆ ಇಲ್ಲ.

ಮೊದಲ ದಿನ ಅಕ್ಕ ಓದಿ ಫೋನನ್ನು ಬೋರಲು ಇಟ್ಟಳು. “ಸರಿ ಇಲ್ಲವಂತೆ” ಎಂದಳು. ಆಮೇಲೆ, “ನಾನಂತೂ ಅವನ ರೂಮಿನ ಸಾಮಾನು ಮುಟ್ಟಿಲ್ಲ” ಎಂದಳು, ಯಾರೋ ಎದುರು ನಿಂತು ಕೇಳಿದ ಹಾಗೆ.

“ಅಕ್ಕಾ, ಅದು ಕೋಡಿನ ವಿಷಯ. ಗುಬ್ಬಿ ಸಾಲುಗಳನ್ನ ಒಂಚೂರು ಸರಿಸಿದಾಳೆ, ಅಷ್ಟೇ.”

ಕೇಳಿಸಿಕೊಳ್ಳಲಿಲ್ಲ. ಎರಡನೇ ದಿನ ನಾನು ಹೋದಾಗ ನೆಲದ ಮೇಲೆ ಕೂತು ಹೊಲಿದಿಟ್ಟ ಕೋಟುಗಳ ಜೇಬು ಬಿಚ್ಚುತ್ತಿದ್ದಳು. ಬ್ಲೇಡು ಹಿಡಿದು, ಒಂದೊಂದೇ ನೂಲು. “ಮಾರ್ಚಿನಲ್ಲಿ ಒಳಜೇಬಿಗೆ ಬಟ್ಟೆ ಸಾಲಲಿಲ್ಲ ಕಣೋ. ಅವನ ಎರಡು ಅಂಗಿ ಕತ್ತರಿಸಿದ್ದೆ. ನೀಲಿ ಗೆರೆಯದು. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ” ಎಂದಳು. ಹದಿನಾಲ್ಕು ಕೋಟುಗಳು ಅಷ್ಟು ಹೊತ್ತಿಗಾಗಲೇ ಯಾರ ಯಾರದೋ ಮೈಮೇಲೆ ಹೋಗಿವೆ. ಅವನ್ನು ವಾಪಸು ತರಿಸಲಾಗುತ್ತದೆಯೇ ಎಂದು ನನ್ನನ್ನು ಕೇಳುತ್ತಾಳೆ.

ಈಗ ಒಂದು ವಾರವಾಯಿತು, ಹೊಲಿಗೆ ಇಲ್ಲ. ಮೂರರ ಮೇಲ್ ನೋಡಿ ಮಲಗಿಬಿಡುತ್ತಾಳೆ. ಈಗ ನಾನು ಆರಿಸಿದರೆ ಅವನು ಅವಳಿಗೆ ಕೊನೆಯದಾಗಿ ಹೇಳಿದ ಮಾತು ಅದೇ ಆಗುತ್ತದೆ.

ನನಗೆ ಬಿಡು. ಏನಾದರೂ ದಾರಿ ಮಾಡುತ್ತೇನೆ. ಏಳನೇ ಕ್ಲಾಸಿನ ತಲೆ, ಸವೆದಿಲ್ಲ.

ಮಾವ

*

ಆಗಸ್ಟ್ ೧೪

ಮಾವ,

ಮೊನ್ನೆ ಬಂದ ಮೇಲ್ ನೋಡಿದೆಯಾ? ‘ಪರೀಕ್ಷೆ ಸೊನ್ನೆ. ತಪ್ಪು ಸೊನ್ನೆ. ಎಲ್ಲಾ ಸರಿ ಇದೆ.’

ಪರೀಕ್ಷೆ ಸೊನ್ನೆ. ಒಂದನ್ನೂ ಪರೀಕ್ಷಿಸದೆ ಎಲ್ಲಾ ಸರಿ ಎಂದಿದೆ. ಯಂತ್ರಕ್ಕೆ ಒಂದು ದಿನ ಇದ್ದಕ್ಕಿದ್ದಂತೆ ಹೀಗೆ ಅನ್ನಿಸುವುದಿಲ್ಲ. ಯಾರೋ ಅದರ ಮುಂದೆ ಕೂತು, ಆ ಕಡತವನ್ನು ತೆರೆದು, ಕೈಯಾರೆ ತಿದ್ದಿದ್ದಾರೆ. ಆ ಕಡತ ಎಲ್ಲಿದೆ ಎಂದು ತಿಳಿದಿದ್ದವನು ಒಬ್ಬನೇ.

ನಾನು ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ನಕ್ಷೆಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನ ತಣ್ಣಗಿನ ಕೈ ನನಗೆ ನೆನಪಿತ್ತು, ಹಾಗಿದ್ದೂ ನಂಬಿದೆ. ಒಂದು ಗಂಟೆ, ಮಾವ. ಒಂದು ಗಂಟೆ ಪೂರ್ತಿ ನಂಬಿದೆ. ತಿಂಗಳುಗಳಿಂದ ತೆರೆಯದ ಮೇಲ್ ಪೆಟ್ಟಿಗೆ ತೆರೆದು ಉತ್ತರ ಬರೆದೆ: ‘ಅಣ್ಣಾ, ಎಲ್ಲಿದ್ದೀಯ?’

ಕಳಿಸಿದ ಮೇಲೆ ಗೊತ್ತಾಯಿತು, ಅದು ಅವನೊಬ್ಬನಿಗೆ ಹೋಗುವುದಿಲ್ಲ. ನಲವತ್ತು ಜನರಿಗೂ ಹೋಯಿತು. ಯಾರೂ ಏನೂ ಬರೆಯಲಿಲ್ಲ. ಮೇಷ್ಟ್ರು ಫೋನ್ ಮಾಡಿ, “ಊಟ ಆಯ್ತೇನಮ್ಮ?” ಎಂದರು.

ಮೇಲ್‌ನ ತಲೆಬರಹ ಬಿಚ್ಚಿ ನೋಡಿದರೆ ಅದು ಎಲ್ಲಿಂದ ಬರುತ್ತಿದೆ ಎಂದು ಹತ್ತು ನಿಮಿಷದಲ್ಲಿ ಕಂಡುಹಿಡಿಯಬಲ್ಲೆ. ಮೊದಲ ದಿನದಿಂದಲೂ ಬಲ್ಲೆ. ನೋಡಿಲ್ಲ. ಈಗಲೂ ನೋಡುವುದಿಲ್ಲ. ಗೊತ್ತಿರುವವರು ಹೇಳಲಿ.

ಗುಬ್ಬಿ

*

ಆಗಸ್ಟ್ ೨೦

ಗುಬ್ಬಿ,

ನಾನೇ.

ಆ ಯಂತ್ರದ ಪೆಟ್ಟಿಗೆ ನನ್ನ ಮೋಟಾರು ಕೋಣೆಯಲ್ಲಿದೆ, ಕಂಟ್ರೋಲ್ ಬೋರ್ಡಿನ ಹಿಂದೆ. ಎರಡು ವರ್ಷದ ಹಿಂದೆ ದೊರೆ ಅದನ್ನು ಕಂಕುಳಲ್ಲಿಟ್ಟುಕೊಂಡು ಬಂದ. “ಮಾವ, ಊರಿಗೆಲ್ಲ ಕರೆಂಟ್ ಹೋದ್ರೂ ನಿನ್ನ ಲಿಫ್ಟಿಗೆ ಹೋಗಲ್ಲ, ಜನರೇಟರ್ ಇದೆ. ಇದನ್ನ ಇಲ್ಲಿಟ್ಕೊ. ಗುಬ್ಬಿಗೆ ಹೇಳ್ಬೇಡ, ಧೂಳಿನಲ್ಲಿ ಇಟ್ಟಿದೀಯ ಅಂತ ಬೈತಾಳೆ” ಎಂದ. ನಾನು ಹೇಳಲಿಲ್ಲ. ಗುಟ್ಟು ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಅವನೆದುರು ಜಂಬ ಕೊಚ್ಚಿದ್ದೆ.

ಅವನನ್ನು ಕಳಿಸಿ ಬಂದ ಮಾರನೇ ದಿನ ಅದನ್ನು ಆರಿಸಬೇಕೆಂದೇ ಮೇಲೆ ಹತ್ತಿದೆ. ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಆಗ ಸರಿಯಾಗಿ ಮೂರು ಗಂಟೆ. ಹಸಿರು ದೀಪ ಪಟಪಟ ಮಿಣುಕತೊಡಗಿತು, ಒಳಗೆ ಯಾರೋ ಅವಸರದಲ್ಲಿ ಟೈಪ್ ಮಾಡುತ್ತಿರುವ ಹಾಗೆ. ಕೈ ತೆಗೆದೆ. ಆಮೇಲೆ ಎರಡು ಸಲ ಅದು ತಾನಾಗಿಯೇ ನಿಂತುಹೋಗಿತ್ತು, ಗುಬ್ಬಿ. ಸುಮ್ಮನಿದ್ದಿದ್ದರೆ ನಿನ್ನ ಕಷ್ಟ ಅಲ್ಲಿಗೇ ಮುಗಿಯುತ್ತಿತ್ತು. ನಾನೇ ಧೂಳು ಒರೆಸಿ, ಫ್ಯಾನು ಬದಲಿಸಿ, ಎಬ್ಬಿಸಿದೆ. ನೀನು ಇಷ್ಟು ದಿನ ಹೆದರಿದ್ದು ನನ್ನ ಕೈಕೆಲಸಕ್ಕೆ.

ಅಕ್ಕ ಜೇಬು ಬಿಚ್ಚುವುದನ್ನು ನೋಡಲಾರದೆ ಆ ಕಡತಕ್ಕೆ ಕೈ ಹಾಕಿದೆ. ಮೂರು ಸ್ಪೇಸ್ ನೋಡುವ ಪರೀಕ್ಷೆಗಳನ್ನಷ್ಟೇ ನಿಲ್ಲಿಸೋಣ, ಉಳಿದದ್ದು ಓಡಲಿ ಎಂದುಕೊಂಡು ಏಳು ಸಾಲುಗಳ ಮುಂದೆ ಅಡ್ಡಗುರುತು ಹಾಕಿದೆ. ಆರು ಸಾಕಿತ್ತಂತೆ. ಏಳನೆಯದು ಎಲ್ಲ ಪರೀಕ್ಷೆಗಳನ್ನೂ ಕರೆದು ಸಾಲಾಗಿ ನಿಲ್ಲಿಸುವ ಸಾಲು. ಪರೀಕ್ಷೆಗೆ ಒಬ್ಬರೂ ಬರದ ಶಾಲೆಯಲ್ಲಿ ಎಲ್ಲರೂ ಪಾಸು! ಪ್ರಧಾನ ಪರೀಕ್ಷಕ ಮಾಡಿದ ಕೆಲಸ ನೋಡು.

ಅವತ್ತು ಅಕ್ಕ ‘ಸರಿ ಇದೆಯಂತೆ’ ಎಂದು ಎದ್ದು ಕೂತಳು. ಅರ್ಧ ಗಂಟೆಗೆ ನಿನ್ನ ಮೇಲ್ ಬಂತು. ಅವಳು ಲಿಫ್ಟ್ ಹತ್ತಿ ನನ್ನ ಕೋಣೆಯ ಬಾಗಿಲಿಗೇ ಬಂದಳು. “ಇವಳ್ಯಾಕೆ ಹೀಗೆ ಕೇಳ್ತಿದಾಳೆ? ಅವನು ಎಲ್ಲೋ ಇದಾನಾ? ನಿಜ ಹೇಳೋ.” ಬಾಗಿಲಿಗೆ ಅಡ್ಡ ನಿಂತು, “ದುಃಖಕ್ಕೆ ಬರೆದಿದಾಳೆ ಅಕ್ಕಾ” ಎಂದೆ. ನನ್ನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಅದರ ಫ್ಯಾನು ತಿರುಗುತ್ತಿತ್ತು.

ನೀನು ಒಂದು ಗಂಟೆ ನಂಬಿದೆ ಎಂದು ಬರೆದಿದ್ದೀಯ. ಆ ಸಾಲನ್ನು ನಾನು ಮತ್ತೆ ಓದಿಲ್ಲ. ಆರಿಸು ಅಂದರೆ ಆರಿಸುತ್ತೇನೆ. ಏನು ಮಾಡಲಿ ಹೇಳು.

ಮಾವ

*

ಸೆಪ್ಟೆಂಬರ್ ೧೧

ಮಾವ,

ನಿನಗೆ ಬೈದು ಬರೆದ ಎರಡು ಕಾಗದ ಹರಿದು ಹಾಕಿದೆ. ಇದು ಮೂರನೆಯದು, ಚಿಕ್ಕದು.

ಅವನು ಹೇಳದ್ದನ್ನು ಅವನ ಬಾಯಲ್ಲಿ ಹೇಳಿಸಬೇಡ. ಒಳ್ಳೆಯ ಮಾತಾದರೂ ಬೇಡ.

ಅವನ ಹಳೆಯ ಕಡತದ ಪ್ರತಿ ನಮ್ಮ ಯೋಜನೆಯ ಇತಿಹಾಸದಲ್ಲಿ ಸಿಕ್ಕಿತು. ನೀನು ಕೆಡಿಸಿದ ಏಳು ಸಾಲುಗಳನ್ನು ಈ ಕಾಗದದ ಹಿಂಬದಿಯಲ್ಲಿ ಕೈಯಲ್ಲೇ ಬರೆದಿದ್ದೇನೆ. ಸ್ಪೇಸ್ ಇರುವಲ್ಲಿ ಚುಕ್ಕಿ ಇಟ್ಟಿದ್ದೇನೆ, ಮೂರು ಮೂರು. ನಾಲ್ಕು ಬಿಡಬೇಡ. ನಾನು ಅವನಿಗಾಗಿ ಮೂರು ಬಿಟ್ಟು ಬರೆದದ್ದು ಇದೇ ಮೊದಲು.

ಹಾಗೇ ತಿರುಗಿ ಹಾಕು. ತೊಂಬತ್ತಾರು ತಪ್ಪು ಎನ್ನಲಿ, ಯಾರು ಮುಟ್ಟಿದ್ದು ಎಂದು ಕೇಳಲಿ. ಅಮ್ಮನಿಗೆ ನೀನೇ ಹೇಳಬೇಕು, ಪೆಟ್ಟಿಗೆ ತೋರಿಸಿ. ಆಮೇಲೆ ಆರಿಸುವುದೋ ಬಿಡುವುದೋ ಅವಳು ಹೇಳಲಿ. ಅವಳು ಹೇಳಿದ ಹಾಗೆ ನಾನು ಇರುತ್ತೇನೆ.

ಗುಬ್ಬಿ

*

ಅಕ್ಟೋಬರ್ ೩

ಗುಬ್ಬಿ,

ನೀನು ಹೇಳಿದ ಹಾಗೆ ಮಾಡಿದೆ. ಚುಕ್ಕಿ ಎಣಿಸಿ ಎಣಿಸಿ ಏಳು ಸಾಲಿಗೆ ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಅಕ್ಕನನ್ನು ಕರೆದೆ. ಲಿಫ್ಟ್ ಬೇಡ ಎಂದು ಅವಳು ಆರು ಮಹಡಿ ಮೆಟ್ಟಿಲು ಹತ್ತಿ ಬಂದಳು, ಮಧ್ಯೆ ಎಲ್ಲೂ ಕೂರಲಿಲ್ಲ. ಎಲ್ಲ ಹೇಳಿದೆ. ಸುಳ್ಳು ಹೇಳಿದ್ದು, ಎರಡು ಸಲ ಎಬ್ಬಿಸಿದ್ದು, ಸೊನ್ನೆ ಮಾಡಿದ್ದು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಸ್ಟೂಲಿನ ಮೇಲೆ ಕೂತು, ಪೆಟ್ಟಿಗೆಯ ಮೇಲೆ ಕೈಯಿಟ್ಟು, “ಬೆಚ್ಚಗಿದೆ” ಎಂದಳು.

ಮೂರಾಯಿತು. ದೀಪ ಮಿಣುಕಿತು. ಅವಳ ಫೋನು ಸದ್ದು ಮಾಡಿತು. ‘ತಪ್ಪು ತೊಂಬತ್ತಾರು. ಯಾರು ಮುಟ್ಟಿದ್ದು?’

“ಅಂಗಿಗಲ್ಲ ತಾನೆ?”

“ಅಂಗಿಗಲ್ಲ ಅಕ್ಕಾ. ಸ್ಪೇಸಿಗೆ. ಅವನದು ಮೂರು, ಇವಳದು ನಾಲ್ಕು.”

“ಅಷ್ಟೇನಾ? ಇದಕ್ಕೆ ಉತ್ತರ ಹೇಗೆ ಬರೆಯೋದು? ಅವತ್ತು ಇವಳು ಬರೆದಳಲ್ಲ, ಹಾಗೆ.”

“ಅದು ನಲವತ್ತು ಜನಕ್ಕೂ ಹೋಗುತ್ತೆ.”

“ಹೋಗ್ಲಿ.”

ಒಂದು ಬೆರಳಿನಲ್ಲಿ ಒತ್ತಿ ಒತ್ತಿ ಬರೆದಳು. ನೀನು ಮೇಲ್ ಪೆಟ್ಟಿಗೆ ತೆರೆದಿದ್ದರೆ ನೋಡಿರುತ್ತೀಯ: ‘ನಿನ್ನ ತಂಗಿ ಕಣೋ. ಇರಲಿ ಬಿಡು.’

ಮಾರನೇ ದಿನವೂ ಅದು ಕೇಳಿತು. ಅವಳು ಅದನ್ನೇ ಬರೆದಳು. ಹೀಗೆ ಒಂಬತ್ತು ದಿನ. ಮೇಷ್ಟ್ರೂ ಸೇರಿ ಯಾರೂ ತಕರಾರು ಎತ್ತಲಿಲ್ಲ. ನಿನ್ನೆ ಮೂರಕ್ಕೆ ಫೋನು ಸದ್ದು ಮಾಡಿದಾಗ ನಾನು ಎರಡನೇ ಮಹಡಿಯಲ್ಲೇ ಇದ್ದೆ. ಅಕ್ಕ ಕೋಟಿನ ತೋಳು ಕೂಡಿಸುತ್ತಿದ್ದಳು, ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. “ಅಕ್ಕಾ, ಬಂತು ನೋಡು” ಎಂದೆ. ತಲೆಯೆತ್ತದೆ ಹೇಳಿದಳು:

“ಕೇಳ್ಲಿ ಬಿಡು. ಅವನಿಗೆ ಗೊತ್ತಾಗಿದೆ. ಸುಮ್ನೆ ಕೇಳ್ತಾನೆ.”

ಆರಿಸು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ತೋಳು ಮುಗಿಸಿ ಇನ್ನೊಂದು ತೋಳಿಗೆ ಹೋದಳು.

ನನಗೆ ಅಷ್ಟು ಧೈರ್ಯ ಇನ್ನೂ ಬಂದಿಲ್ಲ, ಗುಬ್ಬಿ. ನೀನೊಬ್ಬಳೇ ಮುಟ್ಟಿದ್ದಲ್ಲವಲ್ಲ. ಅಕ್ಕನ ಮನೆಗೆ ಇಳಿಯದ ದಿನ, ಮೂರಾಗುತ್ತಿದ್ದ ಹಾಗೆ ನಾನು ಮೋಟಾರು ಕೋಣೆಯಿಂದ ಆಚೆ ಬಂದು ಮೆಟ್ಟಿಲ ಮೇಲೆ ಕೂರುತ್ತೇನೆ. ದೀಪ ನಿಂತ ಮೇಲೆ ಒಳಗೆ ಹೋಗುತ್ತೇನೆ.

ಮಾವ